ರೊಟ್ಟಿಬುಟ್ಟಿಯ ಸಾಕ್ಷಿ

ಹಾಡುವವನು ಬಂದು ಕೇಳಿದ:
ಆ ರಾತ್ರಿ ನೀನೂ ಇದ್ದೆಯಂತೆ, ಹೇಳು.
ಇದ್ದೆ. ರೊಟ್ಟಿಬುಟ್ಟಿ ಹೊತ್ತವಳು ಎಲ್ಲಿರುವುದಿಲ್ಲ?
ನಲವತ್ತು ಗಂಡಸರ ನಡುವೆ ಸೊಂಟಕ್ಕೆ ಬುಟ್ಟಿ ಆನಿಸಿ
ತಲೆ ತಗ್ಗಿಸಿ ನಡೆದವಳಿಗೆ
ಮುಖ ಗೊತ್ತಿಲ್ಲ, ಕೈ ಗೊತ್ತು.

ಥ್ರಾಸನ್ನನ ಕೈ: ಮೂರು ಉಂಗುರ, ಉಗುರಲ್ಲಿ ಕುರಿಕೊಬ್ಬು.
ಮೇಲಿನ ರೊಟ್ಟಿ ಬಿಟ್ಟು ಅಡಿಯದನ್ನೇ ಎಳೆಯುವುದು,
ಬುಟ್ಟಿ ಮಗುಚಿದರೆ ನಗುವುದು.
ಮುಳುಗಿದ ಹಡಗಿನಲ್ಲಿ ತನಗೂ ಪಾಲಿತ್ತೆಂದು
ಬಂದು ಕೂತವನು ಏಳಲೇ ಇಲ್ಲ, ಜೊತೆಗೆ ಅವನ ಗೆಳೆಯರು,
ಗೆಳೆಯರ ನಾಯಿಗಳು.
ಯಾರದೋ ಕೊಟ್ಟಿಗೆಯ ಹೋರಿ,
ಯಾರದೋ ಭರಣಿಯ ದ್ರಾಕ್ಷಾರಸ,
ತೇಗು ಮಾತ್ರ ಸ್ವಂತದ್ದು.

ಬಾಗಿಲ ಬಳಿ ಆವತ್ತು ಒಬ್ಬ ಮುದುಕ ಕೂತ.
ಹರಿದ ಹಾಯಿಬಟ್ಟೆ ಹೊದ್ದು, ಒಂದು ಕಣ್ಣಿಗೆ ಪಟ್ಟಿ ಕಟ್ಟಿ,
ಮೈಯೆಲ್ಲ ಒಣಮೀನಿನ ನಾತ.
"ಯಾವ ಬಲೆಗೆ ಬಿದ್ದೆಯೋ ತಾತಾ?" ಎಂದ ಥ್ರಾಸನ್,
"ಸಮುದ್ರಕ್ಕೂ ರುಚಿಸಲಿಲ್ಲವೇ ನೀನು?"
ನಲವತ್ತು ಗಂಟಲು ಒಟ್ಟಿಗೆ ನಕ್ಕವು.
ಆಮೇಲೆ ಆಲಿವ್ ಬೀಜ ಉಗಿಯುವ ಪಂದ್ಯ,
ಮುದುಕನ ಬೋಳುತಲೆಯೇ ಗುರಿ.
ತಾಗಿದರೆ ಒಂದು ಬಟ್ಟಲು, ತಪ್ಪಿದರೆ ಎರಡು.
ತಪ್ಪಿದವರೇ ಹೆಚ್ಚು.

ನಾನು ಬುಟ್ಟಿ ಒಡ್ಡಿದೆ. ಅವನು ತೆಗೆದುಕೊಂಡ.
ಆಗಲೇ ನನ್ನ ಮೊಣಕಾಲು ನಡುಗಿದ್ದು.
ಹಸಿದವನು ರೊಟ್ಟಿ ನೋಡುತ್ತಾನೆ, ಹಾಡುಗಾರ,
ಇವನು ಬಾಗಿಲು ನೋಡುತ್ತಿದ್ದ:
ಅಂಗಳದ್ದು ಒಂದು, ಉಗ್ರಾಣದ್ದು ಎರಡು,
ಅಡುಗೆಮನೆಯದು ಮೂರು.

ಯಾರಿಗೂ ಹೇಳಲಿಲ್ಲ.
ಕೇಳಿದವರಾದರೂ ಯಾರು?

ಉಳಿದದ್ದು ನಿನಗೆ ಗೊತ್ತಿದೆ. ಹಾಯಿಬಟ್ಟೆ ಜಾರಿದ್ದು,
ಅದರಡಿ ತೆಲೆಸಾರ್ಖ, ಹನ್ನೊಂದು ವರ್ಷದ ಹಿಂದೆ
ನೀರುಪಾಲಾದನೆಂದು ನಾವೇ ಕಲ್ಲು ನೆಟ್ಟಿದ್ದ ಒಡೆಯ.
ಥ್ರಾಸನ್ನನ ಬಾಯಲ್ಲಿ ಕೊನೆಯ ಬೀಜ ಹಾಗೇ ಉಳಿದಿತ್ತು,
ಮರುದಿನ ನೆಲ ತೊಳೆವಾಗ ನನಗೆ ಸಿಕ್ಕಿತು.
ಅದನ್ನು ಹಾಡು. ಚೆನ್ನಾಗಿ ಒದಗುತ್ತದೆ.

ಆದರೆ ಇನ್ನೊಂದಿದೆ.

ಆರು ವಾರ ಕಳೆದು, ಉತ್ತರದ ಗಾಳಿ ಶುರುವಾದಾಗ
ಇನ್ನೊಬ್ಬ ಮುದುಕ ಬಂದ, ಅದೇ ಬಾಗಿಲಿಗೆ.
ಇಡೀ ಮನೆ ಎದ್ದು ನಿಂತಿತು,
ಸೊಕ್ಕಿನ ಫಲ ಕಣ್ಣಾರೆ ಕಂಡವರಲ್ಲವೇ!
ಬೆಳ್ಳಿ ಮೊಳೆಯ ಪೀಠ, ಬಿಸಿನೀರು, ಹಂದಿಯ ಬೆನ್ನುಮಾಂಸ.
ಒಡೆಯನೇ ಬಗ್ಗಿ ದೀಪ ಹಿಡಿದು ಹುಡುಕಿದ,
ಯಾವ ರಾಜ, ಯಾವ ದೇವರು ಈ ಸುಕ್ಕಿನೊಳಗೆ?
ನಾನು ಬುಟ್ಟಿ ಒಡ್ಡಿದೆ.
ಅವನು ರೊಟ್ಟಿ ನೋಡಿದ.
ರೊಟ್ಟಿಯನ್ನಷ್ಟೇ. ಎರಡು ತಿಂದು
ಮೂರನೆಯದನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡ.

ಮೂರು ದಿನ ಕಾದರು.
ಅವನು ಉಂಡ, ಕೆಮ್ಮಿದ, ಪೀಠದಲ್ಲೇ ನಿದ್ದೆಹೋದ.
ಹೆಸರು ಕೇಳಿದರೆ ಮಿಕ್ಕೋನ್ ಎಂದ, ಸುಣ್ಣ ಸುಡುತ್ತಿದ್ದವನು,
ಕಣ್ಣು ಮಂಜಾದ ಮೇಲೆ ಗೂಡಿನವರು ಕಳಿಸಿಬಿಟ್ಟರಂತೆ.
ಆ ಹೆಸರಿನ ಕೆಳಗೆ ಇನ್ನೊಂದು ಹೆಸರಿರಲಿಲ್ಲ.
ಚಿಂದಿಯ ಕೆಳಗೆ ಚರ್ಮ,
ಚರ್ಮದ ಕೆಳಗೆ ಎಲುಬು, ಅಷ್ಟೇ.

ನಾಲ್ಕನೆಯ ದಿನ ಪೀಠ ಒಳಗೆ ಹೋಯಿತು.
ಸಂಜೆ ಒಡೆಯನ ಮಗ ಕ್ಸೆನಾರೆಸ್, ಒಳ್ಳೆಯ ಹುಡುಗನೇ,
ಬಾಯಿ ತುಂಬ ಆಲಿವ್ ತುಂಬಿಕೊಂಡು
ಮೊದಲ ಬೀಜ ಉಗಿದ. ತಾಗಿತು.
ನಾನು ತೆಲೆಸಾರ್ಖನ ಕೈ ನೋಡಿದೆ.
ಬಟ್ಟಲ ಮೇಲೆ ಸುಮ್ಮನಿತ್ತು,
ಒಂದು ಬೆರಳು ಮಾತ್ರ ಮೆಲ್ಲಗೆ ತಾಳ ಹಾಕುತ್ತಿತ್ತು.

ಈ ಭಾಗ ತಂತಿಗೆ ಒಗ್ಗುವುದಿಲ್ಲ ಎಂದ ಹಾಡುವವನು,
ಇಲ್ಲಿ ಯಾರೂ ವೇಷ ಕಳಚುವುದಿಲ್ಲವಲ್ಲ.
ಹೋಗುವಾಗ, ಏನೋ ನೆನೆದು, ನನ್ನ ಹೆಸರು ಕೇಳಿದ.
ಕಾರಿಯದವಳು ಅನ್ನುತ್ತಾರೆ, ಎಂದೆ.
ಅದು ಊರಾಯಿತು. ಹೆಸರು?

ಒಲೆಯಲ್ಲಿ ಎರಡನೆಯ ಸುತ್ತಿನ ರೊಟ್ಟಿ ಸೀಯುವ ವಾಸನೆ.
ಬುಟ್ಟಿಯನ್ನು ಆಚೆ ಸೊಂಟಕ್ಕೆ ಬದಲಿಸಿಕೊಂಡು
ಒಳಗೆ ಓಡಿದೆ.